ಸರ್ವೆ ನಂಬರು ನೂರಾ ಹದಿನಾಲ್ಕು

ನಮ್ಮ ಕೇರಿಯ ಬಾವಿಗೂ ಕಸದ ಗುಂಡಿಗಳಿಗೂ ನಡುವೆ ಅರವತ್ತು ಹೆಜ್ಜೆ. ನಾನೇ ನಡೆದು ಅಳೆದಿದ್ದೇನೆ. ನಮ್ಮೂರು ಹಾಲುಗಟ್ಟೆಯ ಸಂತೆಯಲ್ಲಿ ಕೊಳೆತ ತರಕಾರಿ, ಹೋಟೆಲಿನ ಎಂಜಲೆಲೆ, ಕಸಾಯಿ ಅಂಗಡಿಯ ಕರುಳು, ಆಸ್ಪತ್ರೆಯ ರಕ್ತ ಹತ್ತಿದ ಬಟ್ಟೆ ಎಲ್ಲವೂ ಆ ಹನ್ನೆರಡು ಗುಂಡಿಗಳಿಗೆ ಬಂದು ಬೀಳುತ್ತಿತ್ತು. ಊರ ಕಸದಿಂದ ಗೊಬ್ಬರ ಮಾಡುವ ಸರ್ಕಾರದ ಯೋಜನೆ ಅದು. ಎಂಬತ್ತೊಂದನೇ ಇಸವಿ. ಹಿಂಗಾರು ಮಳೆ ಹಿಡಿದು ಸುರಿದಾಗ ಗುಂಡಿಗಳು ತುಂಬಿದವು. ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟಿತು. ಹೆಂಗಸರು ಹಳೇ ಸೀರೆಯನ್ನು ನಾಲ್ಕು ಪದರ ಮಡಿಸಿ, ಸೋಸಿ ಕೊಡ ತುಂಬಿದರು. ಊರೊಳಗಿನ ಬಾವಿಗಳ ಹತ್ತಿರ ನಮ್ಮವರು ಸುಳಿಯುವಂತಿರಲಿಲ್ಲ.

ನನ್ನ ಹೆಸರು ಉಚ್ಚಂಗೆಪ್ಪ. ಪಂಚಾಯಿತಿ ಆಫೀಸಿನಲ್ಲಿ ಜವಾನ. ಏಳನೇ ಕ್ಲಾಸಿನವರೆಗೆ ಓದಿದವನು. ಬೀದಿ ಗುಡಿಸುವ ಭೀಮಕ್ಕ, ಕಸದ ಗಾಡಿ ಹೊಡೆಯುವ ಧರ್ಮಪ್ಪ, ಕೇರಿಯ ಉಳಿದವರೆಲ್ಲ ದಿನಗೂಲಿ. ನಾನೊಬ್ಬನೇ ಕಾಯಂ. ಮೈಮೇಲೆ ಖಾಕಿ ಅಂಗಿ. ಆ ಅಂಗಿ ಹೋದೀತೆಂಬ ಭಯವೇ ನನ್ನ ಕೈಯಲ್ಲಿ ಮಾಡಬಾರದ ಒಂದು ಕೆಲಸ ಮಾಡಿಸಿತು.

ಕೇರಿಯವರು ಅರ್ಜಿ ಕೊಟ್ಟಿದ್ದರು. ನೀರು ಪರೀಕ್ಷೆ ಮಾಡಿಸಿ ಅಂತ ಮೇಲಿನಿಂದ ಕಾಗದ ಬಂತು. ಹೆಲ್ತ್ ಇನ್‌ಸ್ಪೆಕ್ಟರು ಒಂದು ಗಾಜಿನ ಬಾಟ್ಲಿ ತಂದು ಮೇಜಿನ ಮೇಲಿಟ್ಟರು. ಪಂಚಾಯಿತಿ ಅಧ್ಯಕ್ಷ ವಿರೂಪಾಕ್ಷಪ್ಪನವರು ನನ್ನನ್ನು ಕರೆದರು.

"ಉಚ್ಚಂಗಿ, ನಮ್ಮ ತ್ವಾಟದ ಬಾವಿಗೆ ಹೋಗಿ ತುಂಬ್ಕಂಡು ಬಾ."

"ಕೇರಿ ಬಾವೀದಲ್ವ ಸಾಮಿ?"

"ಹೇಳಿದ್ದು ಕೇಳಿಸ್ಲಿಲ್ವ?"

ಇನ್‌ಸ್ಪೆಕ್ಟರು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು. ನಾನು ಹೋಗಿ ತುಂಬಿಕೊಂಡು ಬಂದೆ. ಅವರು ಬಿರಡೆ ಹಾಕಿ, 'ಕೇರಿ ಬಾವಿ' ಎಂದು ಚೀಟಿ ಅಂಟಿಸಿದರು.

ಸಂಕ್ರಾಂತಿ ಕಳೆದ ಮೇಲೆ ಸರ್ಟಿಫಿಕೇಟು ಬಂತು. ನೀರು ಕುಡಿಯಲು ಯೋಗ್ಯ. ಅದನ್ನು ಕೇರಿಯಲ್ಲಿ ಓದಿ ಹೇಳಿದವನೂ ನಾನೇ. "ಸರ್ಕಾರವೇ ಹೇಳಿದ ಮ್ಯಾಲೆ ಇನ್ನೇನು" ಅಂತ ಧರ್ಮಪ್ಪನ ಹೆಂಡತಿ ಲಕ್ಷ್ಮಕ್ಕ ಸೀರೆಯಲ್ಲಿ ಸೋಸುವುದನ್ನೂ ಬಿಟ್ಟಳು.

ಶಿವರಾತ್ರಿಯ ಹೊತ್ತಿಗೆ ಬಾವಿಯ ನೀರು ತಳಕ್ಕಿಳಿಯಿತು. ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಹನ್ನೊಂದು ಜನ ಮಲಗಿದರು, ಹತ್ತು ಜನ ಎದ್ದರು. ಧರ್ಮಪ್ಪ ಲಕ್ಷ್ಮಕ್ಕನನ್ನು ಅದೇ ಕಸದ ಗಾಡಿಯಲ್ಲಿ ಮಲಗಿಸಿಕೊಂಡು ಚನ್ನಗಿರಿಯ ದೊಡ್ಡಾಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಗಾಡಿ ತಿರುಗಿಸಿಕೊಂಡು ಬಂದ.

ಮೂರನೇ ದಿನ ನಾನು ಅವನ ಮನೆಗೆ ಹೋದೆ. ಜಗಲಿಯ ಮೇಲೆ ಅವನು, ಅವನ ಪಕ್ಕ ಭೀಮಕ್ಕ, ಕೇರಿಯ ಹತ್ತಾರು ಜನ ಇದ್ದರು.

"ಧರ್ಮಣ್ಣ, ಸಾಹೇಬ್ರು ಕಳಿಸಿದ ನೀರು ನಮ್ಮ ಬಾವೀದಲ್ಲ. ಅಧ್ಯಕ್ಷರ ತ್ವಾಟದ ಬಾವೀದು. ತುಂಬಿದೋನು ನಾನೇ."

ಧರ್ಮಪ್ಪ ಕೇಳಿದ.

"ಸರ್ಟಿಫಿಕೇಟು ಓದಿದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ ಹೆಂಡ್ರು ಮಕ್ಳೂ ಅದನ್ನೇ ಕುಡೀತಿದ್ರಲ್ಲೋ."

ನಾನು ಅತ್ತುಬಿಟ್ಟೆ. ಭೀಮಕ್ಕ ಎದ್ದು ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಹೊಡೆದ್ರೆ ನಿನಗೆ ಹಗುರಾಗತೈತೆ. ಹಗುರ ಮಾಡಾಕೆ ನಾನು ಬಂದಿಲ್ಲ. ಕಣ್ಣೀರು ಒರಸ್ಕ. ಓದಾಕೆ ಬರತೈತಲ್ಲ, ನಮ್ಮ ಬಾವಿ ಪಕ್ಕ ಗುಂಡಿ ತೋಡ್ರಿ ಅಂತ ಯಾವ ಕಾಗದ ಹೇಳೈತೆ, ಅದನ್ನ ಓದ್ಕಂಡು ಬಾ."

ಅಂಥ ಕಾಗದ ಇರಲೇ ಇಲ್ಲ. ಮರುದಿನ ಬೀರು ಒರೆಸುವ ನೆಪದಲ್ಲಿ ಇಡೀ ಫೈಲು ಓದಿದೆ. ಯೋಜನೆಗೆ ಮಂಜೂರಾದ ಜಾಗ ಸರ್ವೆ ನಂಬರು ನೂರಾ ಹದಿನಾಲ್ಕು. ಊರಿಂದ ಒಂದೂವರೆ ಮೈಲಿ, ಸರ್ಕಾರಿ ಗೋಮಾಳ, ಸುತ್ತ ಬಾವಿಯಿಲ್ಲ. ನಕ್ಷೆಯೂ ಇತ್ತು. ಆ ಜಾಗ ಊರಿಗೆಲ್ಲ ಗೊತ್ತು. ನಾಲ್ಕು ವರ್ಷದಿಂದ ಅಲ್ಲಿ ವಿರೂಪಾಕ್ಷಪ್ಪನವರ ಇಟ್ಟಿಗೆ ಭಟ್ಟಿ ನಡೆಯುತ್ತಿತ್ತು. ಭಟ್ಟಿ ಉಳಿಯಲೆಂದು ಗುಂಡಿಗಳು ನಮ್ಮ ಬಾಗಿಲಿಗೆ ಬಂದಿದ್ದವು.

ಆ ಮಂಜೂರಾತಿ ಆರ್ಡರನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡೆ. ಆ ರಾತ್ರಿ ಧರ್ಮಪ್ಪನ ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಸೋಮವಾರ ಬೆಳಿಗ್ಗೆ ಐದು ಕಸದ ಗಾಡಿಗಳು ಕೇರಿಯ ಕಡೆ ತಿರುಗಲಿಲ್ಲ. ಭಟ್ಟಿಯ ಕಡೆಗೆ ಹೋಗುವ ಸಂತೇಬೆನ್ನೂರು ರಸ್ತೆ ಹಿಡಿದವು. ಮುಂದಿನ ಗಾಡಿಯಲ್ಲಿ ಧರ್ಮಪ್ಪ, ಹಿಂದೆ ಪೊರಕೆ, ಸಲಿಕೆ ಹಿಡಿದ ಹೆಂಗಸರು, ಗಂಡಸರು. ನಾನೂ ಇದ್ದೆ.

ಭಟ್ಟಿಯಲ್ಲಿ ಜಗಳೂರು ಕಡೆಯಿಂದ ಬಂದ ಕೂಲಿಗಳು ಅಚ್ಚಿನಲ್ಲಿ ಇಟ್ಟಿಗೆ ಕೊಯ್ಯುತ್ತಿದ್ದರು. ಅವರ ಮುಖ್ಯಸ್ಥ ಯರ್ರಿಸ್ವಾಮಿ ಕೈಯ ಕೆಸರು ಒರೆಸಿಕೊಳ್ಳುತ್ತ ಅಡ್ಡ ನಿಂತ.

"ಯಾಕ್ರಿ, ನಾವು ಮನುಷ್ಯರಲ್ಲೇನು? ನಮ್ಮ ಗುಡಿಸಲ ಮುಂದೆ ಸುರಿಯಾಕೆ ಬಂದೀರಾ?"

ಭೀಮಕ್ಕ ಮುಂದೆ ಹೋದಳು. "ಗುಡಿಸಲ ಹತ್ರ ಒಂದು ಎಲೆನೂ ಬೀಳಾಕಿಲ್ಲ ಕಣಪ್ಪ. ಮಣ್ಣು ತೆಗೆದ ಗುಂಡಿ ಐತಲ್ಲ, ಆ ಕೊನೇದು, ಅಲ್ಲಿಗೆ. ಕಸ ಒಂದು ಪದರ, ಮಣ್ಣು ಒಂದು ಪದರ. ವಾಸನೆ ಬರದಂಗೆ ನಾನೇ ನಿಂತು ಮುಚ್ಚಿಸ್ತೀನಿ. ಅಂದಂಗೆ, ನೀವು ನೀರೆಲ್ಲಿಂದ ಕುಡೀತೀರಿ?"

"ಸಾಹುಕಾರ್ರು ಡ್ರಮ್ಮಿನಾಗೆ ಕಳಿಸ್ತಾರೆ. ಊರಾಚೆ ಕೇರಿ ಬಾವೀದಂತೆ."

ನಮ್ಮ ಬಾವಿಯಿಂದ ತುಂಬಿ ಒಯ್ಯುತ್ತಿದ್ದ ಡ್ರಮ್ಮುಗಳು ಎಲ್ಲಿಗೆ ಹೋಗುತ್ತಿದ್ದವೆಂದು ನಮಗೆ ಗೊತ್ತಾದದ್ದು ಆಗಲೇ. ಭೀಮಕ್ಕ ಗುಡಿಸಲುಗಳ ಕಡೆ ನೋಡಿದಳು. ಆಮೇಲೆ ಕೇಳಿದಳು. "ನಿಮ್ಮ ಮಕ್ಳು ಹೆಂಗವೆ?"

"ಎರಡು ಮಲಗ್ಯಾವೆ. ಬಿಸಿಲಿಗೆ ಅಂತ ಅಂದ್ಕಂಡಿದ್ವಿ."

"ಬಿಸಿಲಿಗಲ್ಲಪ್ಪ" ಅಂದ ಧರ್ಮಪ್ಪ. ಗಾಡಿಯಿಂದ ಇಳಿದು ಬಂದು, ಹೆಂಡತಿ ಹೇಗೆ ಸತ್ತಳೆಂದು ಹೇಳಿದ. ನನ್ನ ಕಡೆ ಕೈ ಮಾಡಲಿಲ್ಲ. ಉಳಿದದ್ದನ್ನು ನಾನೇ ಹೇಳಿದೆ.

ಅಷ್ಟರಲ್ಲಿ ಅಧ್ಯಕ್ಷರ ಜೀಪು ಬಂತು. ಜೊತೆಗೆ ಹೆಲ್ತ್ ಇನ್‌ಸ್ಪೆಕ್ಟರೂ ಇದ್ದರು.

"ಯಾರ್ ಹೇಳಿದ್ರು ನಿಮಗೆ ಇಲ್ಲಿಗೆ ಗಾಡಿ ಹೊಡಿಯಾಕೆ?" ವಿರೂಪಾಕ್ಷಪ್ಪ ಕೂಗಿದರು.

"ಸರ್ಕಾರ ಹೇಳೈತ್ರಿ" ಎಂದಳು ಭೀಮಕ್ಕ. "ಓದೋ ಉಚ್ಚಂಗಿ."

ಅಂಗಿಯೊಳಗಿನ ಆರ್ಡರು ತೆಗೆದು ಓದಿದೆ. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ. ಕೊನೆಯಲ್ಲಿ ಪಂಚಾಯಿತಿಯ ಪರವಾಗಿ ಒಪ್ಪಿ ಹಾಕಿದ ಸಹಿ ಯಾರದೆಂಬುದನ್ನೂ ಓದಿದೆ. ಅದು ಅಧ್ಯಕ್ಷರದೇ ಸಹಿ.

"ಆಫೀಸಿನ ಕಾಗದ ಕದ್ದಿದೀಯ. ನಾಳೆಯಿಂದ ನಿನಗೆ ಕೆಲಸ ಇಲ್ಲ. ಪೊಲೀಸಿಗೆ ಹಿಡ್ಕೊಡ್ತೀನಿ."

"ಕೊಡ್ರಿ. ಅಲ್ಲೂ ಇದನ್ನೇ ಓದ್ತೀನಿ. ಕೇರಿಗೆ ಸುಳ್ಳು ಓದಿದ್ದು ಸಾಕಾಗೈತೆ."

ಖಾಕಿ ಅಂಗಿ ಬಿಚ್ಚಿ ಜೀಪಿನ ಬಾನೆಟ್ಟಿನ ಮೇಲೆ ಹಾಕಿದೆ. ಬರಿಮೈಗೆ ಬಿಸಿಲು ಚುರುಕ್ಕೆಂದಿತು. ನಾನು ಇನ್‌ಸ್ಪೆಕ್ಟರ ಮುಖ ನೋಡಿದೆ. ಅವರು ಆ ದಿನದಂತೆಯೇ ಬೇರೆಲ್ಲೋ ನೋಡುತ್ತಿದ್ದರು.

"ಲೇ ಯರ್ರಿಸ್ವಾಮಿ, ಏನ್ ನೋಡ್ತಾ ನಿಂತೀಯ? ಆ ಎತ್ತುಗಳ ಹಗ್ಗ ಹಿಡಿದು ವಾಪಸ್ ತಿರುಗ್ಸು!"

ಯರ್ರಿಸ್ವಾಮಿ ಎತ್ತುಗಳ ಹತ್ತಿರ ಹೋದ. ಮೂಗುದಾರ ಹಿಡಿದ. ಅವನು ಗಾಡಿಯನ್ನು ಹಿಮ್ಮುಖವಾಗಿ ನಡೆಸಿ ಕೊನೆಯ ಗುಂಡಿಯ ಅಂಚಿಗೆ ತಂದು ನಿಲ್ಲಿಸಿದ.

"ಸುರೀರಿ" ಎಂದ.

ಧರ್ಮಪ್ಪ ಎತ್ತುಗಳನ್ನು ನೊಗದಿಂದ ಬಿಚ್ಚಿ ಗಾಡಿಯ ಮೂಕಿ ಎತ್ತಿದ. ಕಸ ಗುಂಡಿಗೆ ಬಿತ್ತು. ಯರ್ರಿಸ್ವಾಮಿಯ ಹೆಂಡತಿ ಇಟ್ಟಿಗೆಯ ಅಚ್ಚನ್ನು ಕೆಳಗಿಟ್ಟು ಸಲಿಕೆ ತೆಗೆದುಕೊಂಡಳು. ಭಟ್ಟಿಗೆಂದು ರಾಶಿ ಹಾಕಿದ್ದ ಮಣ್ಣನ್ನೇ ಮೊಗೆದು ಕಸದ ಮೇಲೆ ಎರಚಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಕೂಲಿಗಳೆಲ್ಲ ಬಂದರು. ನಮ್ಮವರು ಯಾರು, ಅವರು ಯಾರು ಎಂದು ಗೊತ್ತಾಗದ ಹಾಗೆ ಸಲಿಕೆಗಳು ಆಡಿದವು.

"ಕೆಲಸ ನಿಂತ್ರೆ ಒಬ್ಬರಿಗೂ ಬಟವಾಡೆ ಇಲ್ಲ!" ಅಧ್ಯಕ್ಷರು ಅರಚಿದರು. ಯಾರೂ ತಲೆ ಎತ್ತಲಿಲ್ಲ.

ಭೀಮಕ್ಕ ಅವರ ಎದುರಿಗೆ ಹೋಗಿ ನಿಂತಳು. ಇಪ್ಪತ್ತು ವರ್ಷ ಅವರ ಬೀದಿ ಗುಡಿಸಿದವಳು ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

"ಜೀಪು ಅತ್ಲಾಗೆ ತಗೀರಿ. ಇನ್ನೂ ನಾಕು ಗಾಡಿ ಅದಾವೆ."