ಹನ್ನೊಂದು ಬಾಗಿಲಿನ ಮಗಳು

"ಹೆರೋದು ಗೊತ್ತು, ಸಾಕೋದು ಗೊತ್ತಿಲ್ಲ, ರಜ ಬೇಕಂತೆ ರಜ! ಹಲ್ಕಾ ಮುಂಡೆ, ಮುಂದೆ ನೋಡ್ಕೊಂಡು ಕೆಲ್ಸ ಮಾಡು, ಅಂಚು ಸೊಟ್ಟ ಹೋಗ್ತಿದೆ!"

ಅಂಚು ಸೊಟ್ಟ ಹೋಗಿರಲಿಲ್ಲ. ಕಾದ ಎರಡು ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟನ್ನು ಬಿಡುವಾಗ ಬೆರಳು ಉರುಳೆಗೆ ನಾಲ್ಕು ಅಂಗುಲ ದೂರದಲ್ಲಿರಬೇಕು. ಐದು ಅಂಗುಲಕ್ಕೇ ಬಿಟ್ಟರೆ ಬಟ್ಟೆ ಸುಕ್ಕಾಗುತ್ತದೆ, ಮೂರಕ್ಕೆ ಹೋದರೆ ಉಗುರು ಹೋಗುತ್ತದೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದ ಕೆಂಚಿಗೆ ಈ ಲೆಕ್ಕ ಕಣ್ಣು ಮುಚ್ಚಿದರೂ ತಪ್ಪುತ್ತಿರಲಿಲ್ಲ.

"ಗುರುವಾರ ಅರ್ಧ ದಿನ ಸಾಕು ಮೇಸ್ತ್ರಿ. ಕೋರ್ಟಿಂದ ಮನೆ ನೋಡೋಕೆ ಬರ್ತಾರೆ."

"ಯಾವ ಮನೇನೇ? ಅದು ಕಂಪನಿ ರೂಮು. ನಾಳೆ ಎದ್ದು ಹೋಗು ಅಂದ್ರೆ ಪಾತ್ರೆ ಪಗಡ ಎತ್ಕೊಂಡು ಹೋಗ್ಬೇಕು. ಮನೆ ಅಂದ್ರೆ ನನ್ ತಮ್ಮ ಕಟ್ಸಿದಾನಲ್ಲ, ಅದು ಮನೆ."

ಮೇಸ್ತ್ರಿ ಸಂಬಂಧದಲ್ಲಿ ಅವಳಿಗೆ ಭಾವ. ಯಂತ್ರದ ಮುಂದೆ ಹಾಗೆ ಕರೆದರೆ ಹಲ್ಲು ಉದುರಿಸುತ್ತೇನೆಂದು ಅವನೇ ಹೇಳಿದ್ದ. ಅವನ ತಮ್ಮ, ಅಂದರೆ ಅವಳ ಗಂಡ, ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಮೂರು ವರ್ಷದ ಮಗಳತ್ತ ತಿರುಗಿಯೂ ನೋಡದೆ ಹೋದವನು ಈಗ ಏಳು ವರ್ಷದ ಮಗಳು ತನಗೆ ಬೇಕೆಂದು ಕೋರ್ಟಿಗೆ ಹೋಗಿದ್ದ.

ಮೇಸ್ತ್ರಿ ಇದ್ದಕ್ಕಿದ್ದಂತೆ ನಕ್ಕ. "ಆಯ್ತು, ತಗೋ ರಜ. ತೋರ್ಸು ಹೋಗು ನಿನ್ನ ಅರಮನೆನ."

ಅವನು ಬೈದು ಕೊಟ್ಟಿದ್ದರೆ ಕೆಂಚಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕಾರ್ಖಾನೆಯ ಹಿಂದೆ ಹನ್ನೊಂದು ರೂಮುಗಳ ಒಂದು ಸಾಲು. ಹನ್ನೊಂದರಲ್ಲೂ ಹೆಂಗಸರು, ಅವರ ನಡುವೆ ಹದಿನಾಲ್ಕು ಮಕ್ಕಳು. ಯಂತ್ರ ದಿನಕ್ಕೆ ಮೂರು ಪಾಳಿ ತಿರುಗುತ್ತಿತ್ತು. ತಾಯಂದಿರು ಅದರ ಜೊತೆ ತಿರುಗಬೇಕು, ಮಕ್ಕಳು ತಿರುಗಬಾರದು. ಅದಕ್ಕೆ ಸಾಲಿನವರು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಕೆಲಸವಿಲ್ಲದವರಲ್ಲಿ ಸರದಿ ಬಂದವಳು ತನ್ನ ಚಿಲಕಕ್ಕೆ ಕೆಂಪು ಚಿಂದಿ ಕಟ್ಟಬೇಕು. ಆ ಹೊತ್ತಿಗೆ ಹದಿನಾಲ್ಕು ಮಕ್ಕಳಿಗೂ ಅದೇ ಮನೆ: ಊಟ ಅಲ್ಲಿ, ಜ್ವರ ಬಂದರೆ ಔಷಧ ಅಲ್ಲಿ, ಏಟು ಬಿದ್ದರೂ ಅಲ್ಲೇ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಆ ಚಿಂದಿ ಯಾವುದೋ ಒಂದು ಬಾಗಿಲಲ್ಲಿ ಇಲ್ಲದೆ ಇರಲಿಲ್ಲ.

"ಈಗ್ಯಾಕೆ ಮಗಳು ನೆನಪಾದ್ಲು ಅಂತೀಯ?" ಪಕ್ಕದ ರೂಮಿನ ಗಿಡ್ಡಿ ಬುಧವಾರ ಸಂಜೆ ಮಂಚದ ಒಂದು ಕಾಲು ಎತ್ತಿಕೊಂಡು ಬರುತ್ತ ಹೇಳಿದಳು. "ನಿನ್ ಗಂಡನ ಹೊಸ ಹೆಂಡ್ತಿಗೆ ಅವಳಿ ಹುಟ್ಟಿದಾವೆ. ಅವಳು ಅಂಗಡೀಲಿ ಕೂತ್ಕೋಬೇಕು, ತೊಟ್ಟಿಲು ತೂಗೋಕೆ ಆಳು ಬೇಕು. ಸಂಬಳ ಕೇಳದ ಆಳು!"

"ಬಾಯಿ ಮುಚ್ಕೊಂಡು ಮಂಚ ಎತ್ತೇ, ಗೋಡೆ ಕೆರೀತಿದೆ," ಎಂದು ಮಡಿಕೆ ಅಜ್ಜಿ ಗದರಿದಳು. ಒಣಗಿದ ಬಟ್ಟೆ ಮಡಿಸಿ ಮಡಿಸಿ ಅವಳ ಬೆನ್ನೂ ಮಡಿಸಿಹೋಗಿತ್ತು.

ಕೋರ್ಟಿನವರಿಗೆ ಸ್ಥಿರವಾದ ಮನೆ ಬೇಕು, ಮಗುವಿಗೆ ಅಂತ ಒಂದು ಜಾಗ ಇರಬೇಕು ಎಂದು ಕೆಂಚಿಯ ವಕೀಲ ಹೇಳಿದ್ದ. ಸಾಲಿನವರು ಅದನ್ನು ಅಕ್ಷರಶಃ ತೆಗೆದುಕೊಂಡರು. ಮಂಚ ಅಜ್ಜಿಯದು, ಮೇಜು ಗಿಡ್ಡಿಯದು, ಕೊನೆಯ ರೂಮಿನಿಂದ ಕನ್ನಡಿ, ಇನ್ಯಾರದೋ ಗಡಿಯಾರ. ಕಿಟಕಿಗೆ ಹೂವಿನ ಪರದೆ ಬಂತು. ಹತ್ತಡಿ ಉದ್ದ ಎಂಟಡಿ ಅಗಲದ ರೂಮು ಫೋಟೋದಲ್ಲಿನ ಹಾಗಾಯಿತು. ಕೊನೆಗೆ ಗಿಡ್ಡಿ ಸಾಲನ್ನು ಒಮ್ಮೆ ನೋಡಿ, "ಈ ಚಿಂದಿ ಒಂದು ದಿನ ಬೇಡ ಕಣೆ. ಭಿಕ್ಷುಕರ ಬೀದಿ ಥರ ಕಾಣ್ತದೆ," ಎಂದು ಗುರುವಾರ ಬೆಳಿಗ್ಗೆ ಅದನ್ನು ಬಿಚ್ಚಿಟ್ಟಳು. ಆಗ ಮಕ್ಕಳೆಲ್ಲ ಶಾಲೆಯಲ್ಲಿದ್ದರು. ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೋರ್ಟಿನ ಮೇಡಂ ಮೂರು ಗಂಟೆಗೆ ಬಂದರು. ಕುರ್ಚಿಯನ್ನು ಕರವಸ್ತ್ರದಲ್ಲಿ ಒರೆಸಿ ಕೂತರು.

"ಮಗು ಓದೋದು ಎಲ್ಲಿ?"

"ಇಲ್ಲೇ ಮೇಡಂ. ಈ ಮೇಜಲ್ಲಿ."

"ಮಲಗೋದು?"

"ಈ ಮಂಚದ ಮೇಲೆ."

"ನಿಮಗೆ ರಾತ್ರಿ ಪಾಳಿ ಇದ್ದಾಗ?"

ಕೆಂಚಿ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮಗಳು ಗುಬ್ಬಿ ಕಾಣಿಸಿದಳು. ಬೆನ್ನಿಗೆ ಚೀಲ, ಕೈಯಲ್ಲಿ ಒಂದು ಚಪ್ಪಲಿ. ಅವಳು ಮೊದಲ ಬಾಗಿಲು ನೋಡಿದಳು, ಎರಡನೆಯದು ನೋಡಿದಳು. ಹನ್ನೊಂದನೆಯದರವರೆಗೂ ಹೋಗಿ ತಿರುಗಿ ಬಂದಳು. ಯಾವ ಚಿಲಕದಲ್ಲೂ ಏನೂ ಇರಲಿಲ್ಲ. ಕೆಂಚಿಯ ಬಾಗಿಲ ಮುಂದೆ ನಿಂತು ಒಳಗೆ ಇಣುಕಿದಳು: ಮಂಚ, ಕನ್ನಡಿ, ಪರದೆ, ಕುರ್ಚಿಯಲ್ಲಿ ಯಾರೋ. ಈ ವಾರ ಅಮ್ಮ ಈ ಹೊತ್ತಲ್ಲಿ ಯಂತ್ರದ ಮುಂದೆ ಇರಬೇಕಾದವಳು.

"ಬಾ ಒಳಗೆ, ನಮ್ಮನೆ ಕಣೆ," ಎಂದಳು ಕೆಂಚಿ.

ಗುಬ್ಬಿ ಹೊಸ್ತಿಲು ದಾಟಲಿಲ್ಲ. "ಅಮ್ಮಾ, ಇವತ್ತು ಯಾರ ಮನೆ ನಮ್ಮನೆ?"

ಮೇಡಂ ಬರೆದುಕೊಂಡರು. ಮಡಿಕೆ ಅಜ್ಜಿ ತನ್ನ ಬಾಗಿಲಿಂದಲೇ ಕೂಗಿದಳು, "ಮೇಡಮ್ಮಾ, ಹನ್ನೊಂದೂ ಅವಳ ಮನೇನೇ! ಹಾಗಂತ ಬರ್ಕೊಳ್ಳಿ!"

"ಫಾರಮ್ಮಲ್ಲಿ ಒಂದೇ ಮನೆಗೆ ಜಾಗ ಇರೋದಮ್ಮ," ಎಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಕಾರು ಹತ್ತುವ ಮೊದಲು ಕೆಂಚಿಯತ್ತ ತಿರುಗಿ, "ಸುಳ್ಳು ತೋರಿಸಬಾರದಿತ್ತು ನೀವು," ಎಂದರು. ಕೆಟ್ಟವರ ಹಾಗೆ ಹೇಳಲಿಲ್ಲ, ಬೇಸರದಿಂದ ಹೇಳಿದರು. ಅದೇ ಹೆಚ್ಚು ಚುಚ್ಚಿತು.

ಹನ್ನೆರಡು ದಿನಕ್ಕೆ ಆದೇಶ ಬಂತು. ಮಗು ತನ್ನ ಮನೆಯನ್ನೇ ಗುರುತಿಸದ ಕಾರಣ, ಕೇಸು ಮುಗಿಯುವ ತನಕ ತಂದೆಯ ಬಳಿ ಇರತಕ್ಕದ್ದು. ಭಾನುವಾರ ಹತ್ತು ಗಂಟೆಗೆ ಒಪ್ಪಿಸತಕ್ಕದ್ದು. ವಕೀಲ ಮೂರು ಸಲ ಓದಿ ಹೇಳಿದ. ಕೆಂಚಿ ಒಂದು ಸಲಕ್ಕೇ ತಿಳಿದುಕೊಂಡಿದ್ದಳು. ಅಂದು ಸಂಜೆ ಉರುಳೆಯ ಮುಂದೆ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಉಗುರು ಸುಟ್ಟಿತು.

ಭಾನುವಾರ ಹತ್ತಕ್ಕೆ ಸರಿಯಾಗಿ ಓಣಿಯ ಬಾಯಲ್ಲಿ ಜೀಪು ನಿಂತಿತು. ಪೊಲೀಸಿನವನು, ಮೇಸ್ತ್ರಿ, ಹಿಂದೆ ಹೊಸ ಅಂಗಿ ತೊಟ್ಟ ಅವನ ತಮ್ಮ. ಸಂಬಂಧಿಯಾದರೂ ಮೇಸ್ತ್ರಿ ಈ ಓಣಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು.

ಮಕ್ಕಳು ಊಟಕ್ಕೆ ಕೂತಿದ್ದರು. ಆ ಹೊತ್ತಿಗೆ ಎಂದಿನಿಂದಲೂ ಕೂರುವ ಹಾಗೆಯೇ, ಗೋಡೆಗೆ ಬೆನ್ನು ಕೊಟ್ಟು. ಅವರಲ್ಲಿ ಎಂಟು ಜನ ಹುಡುಗಿಯರು, ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಆಸ್ಪತ್ರೆಯವರು ಹರಿದವೆಂದು ಎಸೆದ ಹಸಿರು ಬಟ್ಟೆಯಲ್ಲಿ ಹೊಲಿದ ಫ್ರಾಕು ಎಂಟೂ ಜನರ ಮೈಮೇಲೆ. ಹೇನಿನ ಕಾಟಕ್ಕೆ ಎಂಟೂ ತಲೆಗಳಿಗೆ ಒಂದೇ ಕತ್ತರಿ ಆಡಿತ್ತು. ಅಜ್ಜಿ ಪಾತ್ರೆ ಹಿಡಿದು ಒಬ್ಬೊಬ್ಬರಿಗೇ ತುತ್ತು ಹಾಕುತ್ತಿದ್ದಳು. ಊಟದ ನಡುವೆ ಏಳಬಾರದು ಎಂಬುದು ಸಾಲಿನ ಹಳೆಯ ನಿಯಮ.

"ಎಲ್ಲಮ್ಮಾ ಮಗು?" ಪೊಲೀಸಿನವನು ಕೇಳಿದ.

"ಇಲ್ಲೇ ಇದಾಳೆ ಸಾರ್," ಎಂದಳು ಕೆಂಚಿ. "ನಾನು ತಡೆಯಲ್ಲ. ಅಪ್ಪ ಬಂದಿದಾನಲ್ಲ, ಅವನೇ ಕರ್ಕೊಂಡು ಹೋಗ್ಲಿ."

ಮೇಸ್ತ್ರಿಯ ತಮ್ಮ ಎರಡು ಹೆಜ್ಜೆ ಮುಂದೆ ಬಂದ. "ಪುಟ್ಟೀ, ಅಪ್ಪ ಬಂದಿದೀನಿ ನೋಡು."

ಎಂಟು ತಲೆಗಳೂ ಎದ್ದವು. ಆ ಸಾಲಿನಲ್ಲಿ ಪುಟ್ಟಿ ಅನ್ನಿಸಿಕೊಳ್ಳದ ಹುಡುಗಿ ಇರಲಿಲ್ಲ.

ಪೊಲೀಸಿನವನು ಅವನ ಮುಖ ನೋಡಿದ. "ಯಾವುದಪ್ಪಾ?"

ಗಿಡ್ಡಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಉಳಿದ ಹೆಂಗಸರು ಬಾಗಿಲುಗಳಿಂದ ಹೊರಗೆ ಬಂದು ನಿಂತರು. ಅಪ್ಪನ ಹೊಸ ಅಂಗಿಯ ಬೆನ್ನಿನಲ್ಲಿ ಬೆವರು ಮೂಡುತ್ತಿತ್ತು.

"ಹೇಳೋ, ನಿಂತ್ಕೊಂಡಿದೀಯ ಗೂಬೆ ಥರ!" ಎಂದು ಮೇಸ್ತ್ರಿ ಹಲ್ಲು ಕಡಿದ. ಆದರೆ ಮೇಸ್ತ್ರಿ ಮಕ್ಕಳನ್ನು ನೋಡುತ್ತಿರಲಿಲ್ಲ. ಕೆಂಚಿಯ ಕಣ್ಣು ನೋಡುತ್ತಿದ್ದ. ಅವು ಎತ್ತ ಹರಿಯುತ್ತವೋ ಅಲ್ಲೇ ಮಗು.

ಕೆಂಚಿ ಎದುರಿನ ಗೋಡೆಯಲ್ಲಿ ಗಾರೆ ಉದುರಿದ ಒಂದು ಜಾಗ ಹುಡುಕಿಕೊಂಡಳು. ಅದನ್ನೇ ನೋಡಿದಳು. ಕಣ್ಣು ಉರಿಯತೊಡಗಿತು, ನೀರು ತುಂಬಿತು, ಆದರೂ ಅದನ್ನೇ ನೋಡಿದಳು. ಅಜ್ಜಿ ಒಂದು ಬಾಯಿ ಆದ ಮೇಲೆ ಇನ್ನೊಂದು ಬಾಯಿಗೆ ತುತ್ತು ಹಾಕುತ್ತಲೇ ಇದ್ದಳು.

ಮೇಸ್ತ್ರಿಯ ತಮ್ಮ ತೋರಿಸಲು ಕೈ ಎತ್ತಿದ. ಮೊದಲನೆಯವಳನ್ನು ದಾಟಿದ, ಎರಡನೆಯವಳನ್ನು ದಾಟಿದ. ಗಿಡ್ಡಿಯ ಮಗಳು ಕೂತಿದ್ದ ನಾಲ್ಕನೆಯ ಜಾಗಕ್ಕೆ ಬಂದು ಅವನ ಕೈ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಗುಬ್ಬಿ ಕೂತಿದ್ದುದು ಐದನೆಯದರಲ್ಲಿ.