ಸೂರ್ಯನಿಗೆ ಬೆನ್ನು ಹಾಕಿ ಎಣಿಸಿದವಳು

ಗಡಿಯಾರ ರಿಪೇರಿ ಮಾಡುವವಳಿಗೆ ಮನೆಯಲ್ಲಿ ಟಿಕ್ಕಿ ಎಂದು ಹೆಸರು. ಗಡಿಯಾರ ನೋಡದೆ ನೂರು ಸೆಕೆಂಡು ಎಣಿಸು ಎಂದರೆ ಅರ್ಧ ಸೆಕೆಂಡೂ ಆಚೀಚೆಯಾಗದಂತೆ ಎಣಿಸುವ ಹೆಂಗಸು. ಈ ವಿದ್ಯೆಯ ದೆಸೆಯಿಂದಲೇ ಅವಳು ಸಂಪೂರ್ಣ ಸೂರ್ಯಗ್ರಹಣದ ದಿನ ಶಾಲೆಯ ತಾರಸಿಯಲ್ಲಿ, ಒಂದು ಮರದ ಸ್ಟೂಲಿನ ಮೇಲೆ, ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದಳು. ಊರಿಗೆ ಊರೇ ಆಕಾಶ ನೋಡುವಾಗ ಇವಳೊಬ್ಬಳು ನೀರಿನ ತೊಟ್ಟಿ ನೋಡುತ್ತಿರಬೇಕು.

ಏರ್ಪಾಡೆಲ್ಲ ಭಾವನದು. ಅಕ್ಕನ ಗಂಡ, ಲೆಕ್ಕದ ಮೇಷ್ಟರು, ಗ್ರಹಣದ ಹುಚ್ಚು ಹಿಡಿದ ಮನುಷ್ಯ. ಸೂರ್ಯ ಪೂರ್ತಿ ಮುಚ್ಚಿಕೊಳ್ಳುವುದು ನೂರ ಮೂವತ್ತು ಸೆಕೆಂಡು ಮಾತ್ರ. ಅಷ್ಟರೊಳಗೆ ಅವನ ಸುತ್ತ ಕಾಣುವ ಬಿಳಿಯ ಪ್ರಭೆಯನ್ನು ಆರು ಗಾಜಿನ ಪ್ಲೇಟುಗಳಲ್ಲಿ ಹಿಡಿಯಬೇಕು. ಮೊದಲನೆಯದಕ್ಕೆ ಒಂದೇ ಸೆಕೆಂಡು ಬೆಳಕು, ಎರಡನೆಯದಕ್ಕೆ ಎರಡು, ಹೀಗೆ ಹೆಚ್ಚುತ್ತ ಕೊನೆಯದಕ್ಕೆ ನಲವತ್ತು. ಭಾವನ ತಲೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ, ಅಕ್ಕನ ಎರಡು ಕೈಯಲ್ಲೂ ಪ್ಲೇಟು. ಗಡಿಯಾರ ನೋಡಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಒಬ್ಬರು ಗಟ್ಟಿಯಾಗಿ ಎಣಿಸಬೇಕು. ಎಣಿಸುವವರು ತಿರುಗಿ ನೋಡಬಾರದು, ನೋಡಿದರೆ ಎಣಿಕೆ ತಪ್ಪುತ್ತದೆ.

ಒಮ್ಮೆ ತಪ್ಪಿಯೂ ಇತ್ತು. ಹನ್ನೊಂದು ವರ್ಷದ ಹಿಂದೆ, ಇಂಥದೇ ಇನ್ನೊಂದು ತಾರಸಿಯ ಮೇಲೆ, ಟಿಕ್ಕಿ ಮೂವತ್ತೆಂಟಕ್ಕೆ ಕತ್ತು ತಿರುಗಿಸಿದ್ದಳು. ಏನಾದರೂ ಕಾಣುವ ಮೊದಲೇ ಭಾವ ಬಟ್ಟೆಯೊಳಗಿಂದ "ಮುಂದೆ?" ಎಂದು ಕಿರುಚಿದ್ದರು. ಗಾಬರಿಯಲ್ಲಿ ಇವಳು "ಹದಿನೆಂಟು" ಅಂದುಬಿಟ್ಟಿದ್ದಳು. ಬೆಳಕು ಹೆಚ್ಚಾಗಿ ಅಲ್ಲಿಂದ ಮುಂದಿನ ಪ್ಲೇಟುಗಳೆಲ್ಲ ಕಾವಲಿಯ ತಳದ ಹಾಗೆ ಕರ್ರಗಾದವು. ಭಾವ ಬೈಯಲಿಲ್ಲ. ತಮ್ಮ ಗ್ರಹಣದ ಪುಸ್ತಕದಲ್ಲಿ ಬರೆದರು: 'ಎಣಿಕೆ ತಪ್ಪಿತು. ಕಾರಣ: ಎಣಿಸುವವಳ ಚಪಲ.' ಅದರ ಬದಲು ಬಾಯಿ ತುಂಬ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಅವರಿಗೆ ಎಪ್ಪತ್ತು. ತಾರಸಿ ಹತ್ತುವುದು ಇದೇ ಕೊನೆ ಎಂದು ಮೊಣಕಾಲು ತೀರ್ಮಾನ ಕೊಟ್ಟಾಗಿತ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವರೇ ಹೇಳಿದರು:

"ಐದು ಗ್ರಹಣಕ್ಕೆ ಹೋಗಿದ್ದೀನಿ, ಒಂದನ್ನೂ ನೋಡಿಲ್ಲ. ಬಟ್ಟೆ ಒಳಗೇ ಇರ್ತೀನಲ್ಲ! ಈ ಸಲ ಆರನೇ ಪ್ಲೇಟು ನೂರ ಹತ್ತಕ್ಕೆ ಮುಗಿಯುತ್ತೆ. ಅಲ್ಲಿಂದ ಮುಂದಿಂದು ನಂದು. ನೂರ ಇಪ್ಪತ್ತೈದಕ್ಕೆ ನೀನು 'ಮುಚ್ಚಿ' ಅಂತ ಕೂಗು. ಸೂರ್ಯನ ಅಂಚು ಹೊರಗೆ ಬಂದ್ರೆ ಕಣ್ಣಿಗೆ ಅಪಾಯ."

ಟಿಕ್ಕಿಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ. ತನಗೂ ಒಂದು ಚೂರು ನೋಡಬೇಕಿತ್ತು. ಆದರೆ ಕೇಳಲು ಮುಖ ಎಲ್ಲಿತ್ತು? ಈ ಸಲ ಆಕಾಶವೇ ಕಳಚಿ ಬಿದ್ದರೂ ತಿರುಗುವುದಿಲ್ಲ ಎಂದು ಸ್ಟೂಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತಳು.

ಬಿಸಿಲು ತೆಳ್ಳಗಾಯಿತು. ಗಾಳಿ ತಣ್ಣಗಾಯಿತು. ತಟ್ಟನೆ ಕತ್ತಲು.

"ಒಂದು!"

ಬೀದಿಯ ಜನ ಹೋ ಎಂದರು. ಟಿಕ್ಕಿ ತೊಟ್ಟಿಯನ್ನೇ ದಿಟ್ಟಿಸಿದಳು. ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದೂ ಸೆಕೆಂಡಿಗಿಂತ ಸ್ವಲ್ಪ ನಿಧಾನವಾಗಿ. ಅಂಗಡಿಗೆ ಬಂದಿದ್ದರೆ ಸರಿಮಾಡಿ ಕಳಿಸುತ್ತಿದ್ದಳು. ಹಿಂದೆ ಅಕ್ಕ ಪ್ಲೇಟು ಬದಲಿಸುವ ಸದ್ದು. ಮೂವತ್ತಾರು, ಮೂವತ್ತೇಳು. ಮೂವತ್ತೆಂಟು. "ಮೂವತ್ತೊಂಬತ್ತು!" ಎಂದು ಅವಳು ಕೂಗಿದ ರಭಸಕ್ಕೆ ತೊಟ್ಟಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಗಂಡಾಂತರ ಕಳೆಯಿತು. ಅಲ್ಲಿಂದ ಮುಂದೆ ಎಣಿಕೆ ತಾನೇ ತಾನಾಗಿ ಓಡಿತು.

"ನೂರ ಹತ್ತು!"

ಕೊನೆಯ ಪ್ಲೇಟು ಪೆಟ್ಟಿಗೆ ಸೇರಿತು. ಯಾರೋ ಅವಳ ಭುಜ ಹಿಡಿದರು.

"ನೂರ ಹನ್ನೊಂದು," ಎಂದಿತು ಭಾವನ ಗಂಟಲು. "ಎದ್ದೇಳೇ, ಎದ್ದೇಳು. ತಿರುಗು. ನೂರ ಹನ್ನೆರಡು."

"ಭಾವ, ಇದು ನಿಮ್ಮ ಪಾಲಿಂದು..."

"ನೂರ ಹದಿಮೂರು! ಮಾತಾಡಿ ನನ್ನ ಎಣಿಕೆ ಕೆಡಿಸ್ಬೇಡ!"

ಮೇಷ್ಟರು ಅವಳನ್ನು ಎಬ್ಬಿಸಿ, ತಾವು ಸ್ಟೂಲಿನ ಮೇಲೆ ಕೂತು, ತೊಟ್ಟಿಗೆ ಮುಖ ಮಾಡಿದರು. ಟಿಕ್ಕಿ ತಿರುಗಿದಳು.

ಆಕಾಶದಲ್ಲಿ ಒಂದು ಕಪ್ಪು ಬಿಲ್ಲೆ. ಅದರ ಸುತ್ತ, ಈಗಷ್ಟೇ ತಲೆಗೆ ಸ್ನಾನ ಮಾಡಿ ಬಂದ ಅಜ್ಜಿಯ ಕೂದಲಿನಂತೆ, ಬೆಳ್ಳಿಯ ಎಳೆಗಳು. ಪಕ್ಕದಲ್ಲೇ ಒಂದು ಚುಕ್ಕಿ, ಹಗಲು ಹನ್ನೊಂದು ಗಂಟೆಗೆ! ಅವಳಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು. ಐವತ್ತು ದಾಟಿದ ಹೆಂಗಸು ತಾರಸಿಯ ಮೇಲೆ ಕುಣಿದಾಡಿದಳು.

"ಅಯ್ಯಯ್ಯೋ! ಅಕ್ಕಾ! ಭಾವ, ಕೂದಲು ಕಣ್ರೀ, ಸೂರ್ಯಂಗೆ ಕೂದಲು!"

"ನೂರ ಹತ್ತೊಂಬತ್ತು... ನೂರ ಇಪ್ಪತ್ತು..."

ಆಮೇಲೆ ಸದ್ದಿಲ್ಲ. ಟಿಕ್ಕಿ ಓರೆಗಣ್ಣಲ್ಲಿ ನೋಡಿದಳು. ಭಾವ ಸ್ಟೂಲಿನ ಮೇಲೆ ಪೂರ್ತಿ ತಿರುಗಿ, ಬಾಯಿ ಬಿಟ್ಟುಕೊಂಡು ಕೂತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ಸೆಕೆಂಡುಗಳು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿದ್ದವು.

"ಮುಚ್ಚಿ!"

ಅಕ್ಕನ ಗಂಟಲು. ಮರುಕ್ಷಣ ಕ್ಯಾಮೆರಾದ ಕಪ್ಪು ಬಟ್ಟೆ ಇಬ್ಬರ ತಲೆಯ ಮೇಲೂ ಒಟ್ಟಿಗೇ ಬಿತ್ತು.

"ನಿಮ್ಮಿಬ್ಬರನ್ನೂ ನಂಬಬಾರದು ಅಂತ ಆವತ್ತೇ ಗೊತ್ತಾಗಿತ್ತು," ಎಂದಳು ಅಕ್ಕ. "ಮೊದಲಿಂದ ನಾನೂ ಮನಸ್ಸಲ್ಲೇ ಎಣಿಸ್ತಿದ್ದೆ. ಕೈಗೆ ಬಿಡುವಾದಾಗೆಲ್ಲ ಮೇಲೆ ನೋಡ್ತಾನೂ ಇದ್ದೆ. ಏನೂ ತಪ್ಪಲಿಲ್ಲಪ್ಪ ನಂಗೆ."

"ಎಷ್ಟಕ್ಕೆ ನಿಲ್ಲಿಸ್ದೆ ನಾನು?" ಬಟ್ಟೆಯೊಳಗೆ ಭಾವನ ದನಿ ಸಣ್ಣದಾಗಿತ್ತು.

"ನೂರ ಇಪ್ಪತ್ತಕ್ಕೆ, ಭಾವ."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಹೊರಗೆ ಬಿಸಿಲು ಮರಳಿ ಬಂದದ್ದೂ ಅವರಿಗೆ ತಿಳಿಯಲಿಲ್ಲ.

ಸಂಜೆಗೆ ಆರು ಪ್ಲೇಟುಗಳನ್ನೂ ತೊಳೆದು ಒಣಗಲು ನಿಲ್ಲಿಸಿದ್ದಾಯಿತು. ಆರರಲ್ಲೂ ಕೂದಲು ಎಳೆ ಎಳೆಯಾಗಿ ಮೂಡಿತ್ತು. ಭಾವ ಗ್ರಹಣದ ಪುಸ್ತಕ ತೆರೆದು ಬರೆದರು: 'ನೂರ ಇಪ್ಪತ್ತರ ನಂತರ ಎಣಿಕೆ ತಪ್ಪಿತು. ತಪ್ಪಿಸಿದವನು ನಾನು. ಕಾರಣ:'

ಅಲ್ಲಿಗೆ ಪೆನ್ನು ನಿಂತಿತು. ಅವರು ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋಗಿ, ಹನ್ನೊಂದು ವರ್ಷದ ಹಿಂದಿನ ಪುಟದಲ್ಲಿ 'ಎಣಿಸುವವಳ ಚಪಲ' ಎಂಬುದನ್ನು ಗೀಟು ಹಾಕಿ ಹೊಡೆದು, ಮೇಲೆ ಒಂದು ಪದ ಬರೆದರು. ಇವತ್ತಿನ ಪುಟಕ್ಕೆ ಬಂದು ಅದನ್ನೇ ಮತ್ತೊಮ್ಮೆ ಬರೆದು, ಪುಸ್ತಕವನ್ನು ಟಿಕ್ಕಿಯ ಕಡೆಗೆ ತಳ್ಳಿದರು.

ಎರಡು ಕಡೆಯೂ 'ಸೂರ್ಯ' ಎಂದಿತ್ತು.