ಐದನೇ ಮಹಡಿಯ ಫೈಲು

ಲಿಫ್ಟ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡದೆ ಬಿಡುವ ಜಾಯಮಾನ ಅವಳದಲ್ಲ. ಅವರ ಕಟ್ಟಡದ ಲಿಫ್ಟಿನಲ್ಲಿ ಮಹಡಿ ಹೇಳುತ್ತಿದ್ದುದು ಅವಳ ಗಂಡನ ದನಿ. ಗಂಡ ತೀರಿಹೋಗಿ ವರ್ಷವಾಗಿತ್ತು. ದನಿ ಮಾತ್ರ ದಿನವೂ "ನಾಲ್ಕನೇ ಮಹಡಿ" ಎಂದು ಅವಳನ್ನು ಕೆಲಸಕ್ಕೆ ಇಳಿಸುತ್ತಿತ್ತು. ಅದನ್ನು ಕೇಳಲೆಂದೇ ಅವಳು ಕೆಲವೊಮ್ಮೆ ಸುಮ್ಮನೆ ಮೇಲೆ ಕೆಳಗೆ ಹೋಗಿಬರುತ್ತಿದ್ದಳು. ಹುಚ್ಚು ಅನ್ನಿ, ಪ್ರೀತಿ ಅನ್ನಿ.

"ಹೊಸ ದನಿ ಬಂದಿದೆಯಮ್ಮ, ಅದೇ ಹೆಸರಿನ ಫೈಲುಗಳಲ್ಲಿ," ಎಂದರು ಮ್ಯಾನೇಜರ್, ಅವಳ ಮುಖ ನೋಡದೆ. "ಹಳೇ ಹೆಸರಿನ ಮುಂದೆಲ್ಲ 'ಹಳೆ' ಅಂತ ಸೇರಿಸಿಬಿಡಿ. ಅಳಿಸೋದು ಬೇಡ, ನಿಮ್ಮ ಹತ್ರಾನೇ ಇರ್ಲಿ."

ಕಪ್ಪು ಪರದೆಯ ಎಡಿಟರಿನಲ್ಲಿ ಅವಳು ಹಳೇ ಫೈಲುಗಳ ಹೆಸರಿನ ಪಟ್ಟಿ ತೆರೆದಳು. ಒಂದು ಸಾಲಿಗೆ ಒಂದು ಫೈಲು. ಸಾಲು ತಿದ್ದಿ ಸೇವ್ ಮಾಡಿದರೆ ಫೈಲಿನ ಹೆಸರೇ ಬದಲಾಗುತ್ತದೆ. ಆ ಹೆಸರು ಹುಡುಕಿಯೇ ಲಿಫ್ಟು ಮಾತಾಡುವುದು. ಕೊನೆಯ ಸಾಲು ಕಂಡು ಅವಳ ಕೈ ನಿಂತಿತು. ಮಹಡಿ-ಐದು.

"ಸಾರ್, ನಮ್ಮಲ್ಲಿ ಐದನೇ ಮಹಡಿ ಎಲ್ಲಿದೆ?"

"ನಾಲ್ಕರ ಮೇಲೆ ನೀರಿನ ಟ್ಯಾಂಕು, ಅದರ ಮೇಲೆ ಆಕಾಶ. ಯಾಕಮ್ಮ, ಬಾಡಿಗೆಗೆ ಬೇಕಿತ್ತಾ?"

ಅವಳು ಹೆಡ್‌ಫೋನ್ ಹಾಕಿಕೊಂಡು ಆ ಫೈಲನ್ನು ಕೇಳಿದಳು. ಗಂಡನದೇ ದನಿ, ಆದರೆ ಏದುಸಿರು. "ಐದನೇ ಮಹಡಿ. ಇಳೀಬೇಡ ಕಣೇ, ಮೊದ್ದು."

ಮೊದ್ದು ಎನ್ನುತ್ತಿದ್ದವನು ಅವನೊಬ್ಬನೇ, ಅದೂ ಮನೆಯೊಳಗೆ. ಭಯವಾಯಿತು, ಭಯಕ್ಕಿಂತ ಹೆಚ್ಚು ಅವನನ್ನು ಕಾಣುವ ಆಸೆಯಾಯಿತು. ಹೊಸ ದನಿಯಲ್ಲಿ ಐದು ಇರಲಿಲ್ಲ, ಆ ಸಾಲನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಸಾಲು ಬೇರೆ ಥರ ನಿಂತರೆ ಟೀಚರಮ್ಮನ ಕೈ ಸುಮ್ಮನಿದ್ದೀತೇ? ಎಲ್ಲ ಸಾಲುಗಳಿಗೂ ಒಂದೇ ಆಜ್ಞೆ ಕೊಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲದರ ಮುಂದೆಯೂ 'ಹಳೆ' ಬಂದು ಕೂತಿತು, ಐದರ ಮುಂದೂ. ಸೇವ್ ಮಾಡಿದಳು.

ಮಧ್ಯಾಹ್ನ ಊಟ ಮುಗಿಸಿ ಬಂದು ಲಿಫ್ಟಿನಲ್ಲಿ ನಾಲ್ಕು ಒತ್ತಿದಳು. ಯಾವುದೋ ಹುಡುಗಿಯ ದನಿ ಎರಡು, ಮೂರು, ನಾಲ್ಕು ಎಂದಿತು. ಬಾಗಿಲು ತೆರೆಯಲಿಲ್ಲ. ಲಿಫ್ಟು ಇನ್ನಷ್ಟು ಮೇಲೇರಿ ನಿಂತು, ಏನನ್ನೋ ಹುಡುಕುವಂತೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬಾಗಿಲು ತೆರೆಯಿತು.

ಟ್ಯಾಂಕೂ ಇರಲಿಲ್ಲ, ಆಕಾಶವೂ ಇರಲಿಲ್ಲ. ಉದ್ದನೆಯ ಕಾರಿಡಾರು, ಅದರ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತ ಗಂಡಸು. ಮೈಮೇಲೆ ಬೂದು ಸ್ವೆಟರು. ಮೊಣಕೈ ಹತ್ತಿರದ ಹೊಲಿಗೆ ಅವಳೇ ಹಾಕಿದ್ದು.

"ರೀ..." ಎಂದಳು. ಅವನು ತಿರುಗಲಿಲ್ಲ.

ಮೊದ್ದು ಎಂಬ ಒಂದು ಮಾತು ಆಗ ಕಿವಿಗೆ ಬಿದ್ದಿದ್ದರೆ ನಿಲ್ಲುತ್ತಿದ್ದಳೋ ಏನೋ. ಲಿಫ್ಟಿಗೆ ಮಹಡಿ-ಐದು ಎಂಬ ಹೆಸರಿನ ಫೈಲು ಸಿಗಲಿಲ್ಲ. ಅವಳು ಇಳಿದಳು.